ವಾಪಸ್ ಬಂದ ಡಬ್ಬಿಗಳ ಮನೆ

ನನ್ನ ಗಂಡನದು ಬೇಗಂ ಬಜಾರಿನಲ್ಲಿ ಪೇಂಟಿನ ಅಂಗಡಿ. ಮದುವೆಯಾಗಿ ಕಲಬುರಗಿಯಿಂದ ಹೈದರಾಬಾದಿಗೆ ಹೊರಟಾಗ ತವರಿನವರೆಲ್ಲ, ಇವಳ ಮನೆಯಲ್ಲಿ ಬಣ್ಣಕ್ಕೇನು ಬರ ಎಂದು ರೇಗಿಸಿದ್ದರು. ನಿಜ, ಬರವಿಲ್ಲ. ಹಾಲ್ ಗುಲಾಬಿ, ಮಲಗುವ ಕೋಣೆ ಪಾಚಿ ಹಸಿರು, ದೇವರ ಮನೆ ಅತ್ತ ನೀಲಿಯೂ ಅಲ್ಲದ ಇತ್ತ ಬೂದಿಯೂ ಅಲ್ಲದ ಏನೋ ಒಂದು. ಇವೆಲ್ಲ ಗಿರಾಕಿಗಳು ಬೇಡವೆಂದ ಬಣ್ಣಗಳು. ಮಶೀನಿನಲ್ಲಿ ಒಮ್ಮೆ ಬಣ್ಣ ಕಲಸಿದ ಮೇಲೆ ಆ ಡಬ್ಬಿಯನ್ನು ಕಂಪನಿ ವಾಪಸ್ ತೆಗೆದುಕೊಳ್ಳುವುದಿಲ್ಲ. ಅಂಥವು ಅಂಗಡಿಯ ಮೂಲೆ ಸೇರಿ, ದೀಪಾವಳಿ ಬಂದಾಗ ನಮ್ಮ ಗೋಡೆಗೇರುತ್ತವೆ. ಇಪ್ಪತ್ತು ವರ್ಷದಿಂದ ಹೀಗೇ ನಡೆದಿದೆ.

ನಾನೂ ಅದನ್ನು ದೊಡ್ಡದು ಮಾಡಿರಲಿಲ್ಲ. ಹೋದ ವರ್ಷ ದಸರೆಯ ಹೊತ್ತಿಗೆ ಕೈಜೋಡಿಸೋಣವೆಂದು ಅಂಗಡಿಗೆ ಹೋಗಿ ಕೂತೆ ನೋಡಿ, ಅಲ್ಲಿಂದ ಶುರುವಾಯಿತು ನನ್ನ ಹೊಟ್ಟೆಕಿಚ್ಚು. ಮನೆಯಲ್ಲಿ ಹತ್ತು ಮಾತಿಗೆ ಒಂದು ‘ಹ್ಞೂಂ’ ಎನ್ನುವ ಮನುಷ್ಯ ಅಲ್ಲಿ ಬಣ್ಣದ ಮಾದರಿಗಳ ಶೇಡ್ ಕಾರ್ಡ್ ಬಿಚ್ಚಿಕೊಂಡು ಕೂತರೆ ಮಾತೇ ಮಾತು. ಪಟಾನ್‌ಚೆರುವಿನ ಯಾವುದೋ ಕಾರ್ಖಾನೆಯ ಆಫೀಸಿಗೆ ಬಣ್ಣ ಕೊಳ್ಳಲು ಒಬ್ಬ ಬಂದಿದ್ದ. ಕೋಣೆಯಲ್ಲಿ ಎಷ್ಟು ಜನ ಕೂರುತ್ತಾರೆ, ಕಂಪ್ಯೂಟರ್ ನೋಡಿ ನೋಡಿ ಕಣ್ಣು ಉರಿಯುವುದಿಲ್ಲವೇ ಎಂದೆಲ್ಲ ಇವರು ತೆಲುಗಿನಲ್ಲಿ ವಿಚಾರಿಸಿ, ತಿಳಿ ಹಸಿರು ಒಪ್ಪಿಸಿ ಕಳಿಸಿದರು. ಗುರುತು ಪರಿಚಯವಿಲ್ಲದ ಗುಮಾಸ್ತರ ಕಣ್ಣಿನ ಚಿಂತೆ ಇವರಿಗೆ!

ಆಮೇಲೆ ಬಂದಳು ಗಚ್ಚಿಬೌಲಿ ಬಡಾವಣೆಯವಳೊಬ್ಬಳು. ಮೈಸೂರಿನ ಹುಡುಗಿ, ಐಟಿ ಕೆಲಸ, ಹೊಸ ಫ್ಲಾಟು. ನಾವು ಕನ್ನಡದವರೆಂದು ಗೊತ್ತಾದದ್ದೇ ಕುರ್ಚಿ ಎಳೆದುಕೊಂಡು ಕೂತಳು.

“ನಂಗೆ ಬೆಡ್‌ರೂಮಿಗೆ ತಣ್ಣಗಿರೋ ಬಣ್ಣ ಬೇಕು ಸರ್. ಆದ್ರೆ ಆಸ್ಪತ್ರೆ ಥರ ಇರಬಾರ್ದು.”

“ಆತ್ರಿ. ಕಿಟಕಿ ಯಾವ ಕಡಿಗೈತ್ರಿ? ಮುಂಜಾನಿ ಬಿಸಿಲು ಬರ್ತೈತೇನ್ರಿ?”

ಅರ್ಧ ತಾಸು ಹೀಗೇ ನಡೆಯಿತು. ಚಹಾ ಬೇರೆ ತರಿಸಿದರು. ನನ್ನ ಅಡುಗೆಮನೆಗೂ ಒಂದು ಕಿಟಕಿ ಇದೆಯೆಂಬುದು ಇವರಿಗೆ ಗೊತ್ತೋ ಇಲ್ಲವೋ ಎಂದುಕೊಳ್ಳುತ್ತಾ ನಾನು ಬ್ರಷ್‌ಗಳನ್ನು ಜೋಡಿಸಿದೆ. ಅವಳು ಚೆಲುವೆಯೆಂದು ನನಗೆ ಮತ್ಸರವಾಗಲಿಲ್ಲ. ಅದಾಗಿದ್ದರೆ ಒಂದು ಜಗಳ ತೆಗೆದು ಮುಗಿಸುತ್ತಿದ್ದೆ. ತನಗೇನು ಬೇಕೆಂದು ಅವಳು ಅಷ್ಟು ಸಲೀಸಾಗಿ ಹೇಳುತ್ತಿದ್ದಳು, ಇವರು ಅಷ್ಟು ಆಸ್ಥೆಯಿಂದ ಕೇಳುತ್ತಿದ್ದರು. ನನ್ನನ್ನೂ ಒಮ್ಮೆ ಹಾಗೆ ಕೂರಿಸಿಕೊಂಡು ಕೇಳಲಿ ಎಂದು ಜೀವ ಹಂಬಲಿಸಿತು. ಮನೆಗೆ ಬಂದ ಮೇಲೂ ಅವಳ ಬೆಡ್‌ರೂಮೇ ತಲೆಯಲ್ಲಿ, ಒಗ್ಗರಣೆ ಸೀದುಹೋಯಿತು.

ನಾಲ್ಕು ದಿನಕ್ಕೆ ಅವಳು ಒಯ್ದಿದ್ದ ಡಬ್ಬಿಯನ್ನು ವಾಪಸ್ ತಂದಳು. ಗೋಡೆಗೆ ಹಚ್ಚಿ ನೋಡಿದರೆ ಬೇರೆಯೇ ಕಾಣುತ್ತದಂತೆ. ಇವರು ನಗುನಗುತ್ತಾ ಇನ್ನೊಂದು ಕಲಸಿಕೊಟ್ಟರು. ಅವಳು ಅತ್ತ ಹೋಗುತ್ತಲೇ ನನಗೆ ತಡೆಯಲಾಗಲಿಲ್ಲ.

“ಕಲಸಿದ ಡಬ್ಬಿ ಯಾಕ ವಾಪಸ್ ತಗೊಂಡ್ರಿ? ಯಾರು ಹಚ್ಕೋತಾರ ಇದನ್ನ?”

“ಇರ್ಲಿ ಬಿಡು. ನಿನ್ನ ಅಡಿಗಿ ಮನಿಗೆ ಆಗ್ತೈತಿ.”

ನಖಶಿಖಾಂತ ಉರಿದುಹೋಯಿತು. ಗಿರಾಕಿಗಳಿದ್ದಾರೆಂದೂ ನೋಡಲಿಲ್ಲ.

“ಊರ ಮಂದಿಗೆಲ್ಲಾ ಯಾವ್ದು ಬೇಕಂತ ಕೇಳ್ತೀರಿ. ನನ್ನ ಒಮ್ಮೆರೆ ಕೇಳೀರೇನು?” ಎಂದೆ.

ಇವರು ಪೆಚ್ಚಾದರು. ಕೈ ಒರೆಸಿಕೊಂಡರು. ಆಮೇಲೆ ಶೇಡ್ ಕಾರ್ಡನ್ನು ನನ್ನ ಮುಂದೆ ಸರಿಸಿ, ಗಿರಾಕಿಗಳನ್ನು ಕೇಳುವ ಅದೇ ದನಿಯಲ್ಲಿ, “ಹೇಳು, ನಿನಗ ಯಾವ್ದು ಬೇಕು?” ಎಂದರು.

ಹಾಳೆ ಮಗುಚಿದೆ. ಮತ್ತೆ ಮಗುಚಿದೆ. ಅಷ್ಟೊಂದು ಬಣ್ಣಗಳಲ್ಲಿ ಒಂದೂ ನನ್ನದೆನಿಸಲಿಲ್ಲ. ಇವರು ಕಾಯುತ್ತಿದ್ದರು. ಕೊನೆಗೆ ನನ್ನ ಬಾಯಿಂದ ಬಂದದ್ದು, “ಈಗ ಆಕಿ ಒಯ್ದಳಲ್ಲ, ಅದ ಕೊಡ್ರಿ.”

ಕೊಟ್ಟರು. ನಮ್ಮ ಅಡುಗೆಮನೆ ಈಗ ನಸು ನೇರಳೆ. ನೆರೆಯವರು ಬಂದಾಗ ನಾನೇ ಆರಿಸಿದ್ದು ಎಂದು ಎದೆಯುಬ್ಬಿಸಿ ಹೇಳುತ್ತೇನೆ. ನಿಜ ಹೇಳಬೇಕೆಂದರೆ ಆ ಬಣ್ಣ ನನಗೆ ಸೇರುವುದೇ ಇಲ್ಲ. ಆದರೆ ಇವರ ಮುಂದೆ ಹಾಗೆನ್ನಲಾರೆ. ಹಾಗಾದರೆ ಯಾವುದು ಬೇಕು ಎಂದು ಕೇಳಿಬಿಡುತ್ತಾರೆ.