ಗಿರಿಜೆಯ ಲಿಂಗ

ಒದ್ದೆ ವಿಭೂತಿಯ ವಾಸನೆ ಬಂದರೆ ಸಾಕು, ಈಗಲೂ ನನ್ನ ಕೈ ತಾನಾಗಿ ಕೊರಳಿನ ಲಿಂಗವನ್ನು ಮುಟ್ಟಿ ನೋಡುತ್ತದೆ, ಇದೆಯಲ್ಲ ಅಂತ. ಶಿವಮೊಗ್ಗದ ನೀಲತ್ತೆಯ ಮನೆಯ ತುಂಬಾ ಆ ವಾಸನೆ. ನೀಲತ್ತೆ ನಮ್ಮಪ್ಪನ ಅಕ್ಕ. ಅಪ್ಪನಿಗೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ. ಐವತ್ತರ ದಶಕದ ಆ ವರ್ಷಗಳಲ್ಲಿ ಸ್ಕೂಲಿಗೆ ರಜ ಬಂತೆಂದರೆ ನನ್ನನ್ನು ರೈಲು ಹತ್ತಿಸಿ ಅತ್ತೆ ಮನೆಗೆ ಕಳಿಸುತ್ತಿದ್ದರು. ಕ್ವಾರ್ಟರ್ಸಿನ ಹೊಗೆ, ಸೈರನ್ನು, ಪಕ್ಕದ ಮನೆಯವರ ತಮಿಳು ಜಗಳ ಎಲ್ಲ ಬಿಟ್ಟು ಬಂದವಳಿಗೆ ತುಂಗೆಯ ಮಗ್ಗುಲಿನ ಆ ಮನೆ ವಿಪರೀತ ಸದ್ದಿಲ್ಲದ್ದು ಅನ್ನಿಸುತ್ತಿತ್ತು. ಈಗ ಅಲ್ಲೊಂದು ಲಾಡ್ಜ್ ಎದ್ದಿದೆ. ಜಗಲಿಯೂ ಇಲ್ಲ, ಕೇಳಿದರೆ ಹೇಳುವವರೂ ಇಲ್ಲ.

ನಮ್ಮಲ್ಲಿ ಹುಟ್ಟಿದ ಕೂಸಿಗೇ ಲಿಂಗ ಕಟ್ಟುತ್ತಾರೆ. ಆಮೇಲೆ ಅದನ್ನು ಮೈಮೇಲಿಂದ ಅಗಲಿಸುವ ಹಾಗಿಲ್ಲ. ಸತ್ತರೂ ಎಡಗೈಯಲ್ಲಿಟ್ಟು, ಕೂರಿಸಿಯೇ ಮಣ್ಣು ಮಾಡುವುದು. ಅತ್ತೆಗೆ ಒಬ್ಬಳೇ ಮಗಳು, ಗಿರಿಜೆ, ನನ್ನ ವಾರಿಗೆಯವಳು. ಏಳು ವರ್ಷದವಳಿದ್ದಾಗ, ಒಂದು ಸೋಮವಾರ ಬೆಳಿಗ್ಗೆ, ಅವಳ ಶಿವದಾರ ಸವೆದಿದೆ ಅಂತ ಅತ್ತೆ ಲಿಂಗ ಬಿಚ್ಚಿಕೊಂಡು ಹೊಸ ದಾರ ಹೊಸೆಯಲು ಕೂತಳಂತೆ. ಅಷ್ಟರಲ್ಲಿ ಹುಡುಗಿ ಹೂವಿನ ಬುಟ್ಟಿ ತೊಳೆದು ತರ್ತೀನಿ ಅಂತ ಹೊಳೆಗೆ ಓಡಿದಳು. ಹೊಳೆ ತುಂಬಿತ್ತು. ಬುಟ್ಟಿ ಸಿಕ್ಕಿತು. ಗಿರಿಜೆ ಸಿಗಲಿಲ್ಲ, ಅವಳ ದೇಹವೂ ಸಿಗಲಿಲ್ಲ.

ಜನರ ಬಾಯಿಗೆ ಬೀಗ ಹಾಕೋಕಾಗುತ್ತಾ? ಲಿಂಗ ಕಳಚಿದ್ದಕ್ಕೇ ಹೀಗಾಯ್ತು ಅಂದರು ಕೆಲವರು, ಹಿಂದಿನ ಜನ್ಮದ್ದು ಅಂದರು ಕೆಲವರು. ಗಾಯದ ಮೇಲೆ ಬರೆ ಎಳೆದು, ಕಾಫಿ ಕುಡಿದು ಹೋದರು. ನನಗೆ ಈಗಲೂ ಅವರ ಮೇಲೆ ಸಿಟ್ಟಿದೆ. ಅತ್ತೆ ಮಾತ್ರ ಬಂದವರನ್ನೆಲ್ಲ ಒಂದೇ ಕೇಳುತ್ತಿದ್ದಳು, ತನ್ನ ತಪ್ಪು ಯಾವುದು ಅಂತ. ಅದು ತಿಳಿಯದೆ ಅವಳಿಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಪೂಜೆಗೆ ಕೂತರೆ ಅಂಗೈಯಲ್ಲಿ ಎರಡು ಲಿಂಗ, ತನ್ನದೊಂದು, ಮಗಳದೊಂದು. ಸಣ್ಣ ದನಿಯಲ್ಲಿ ಏನೋ ಕೇಳುತ್ತಿದ್ದಳು, ಉತ್ತರಕ್ಕೆ ಕಾಯುವಷ್ಟು ಹೊತ್ತು ಸುಮ್ಮನಿರುತ್ತಿದ್ದಳು, ಒಮ್ಮೊಮ್ಮೆ ನಗುತ್ತಿದ್ದಳು. ಸುಳ್ಳು ಯಾಕೆ ಹೇಳಲಿ, ಒಂದು ದಿನ ನನಗೂ ಕೇಳಿಸಿತು. ನಾನು ಹೊರಗೆ ಹೊಸ್ತಿಲ ಮೇಲೆ ಕೂತಿದ್ದೆ, ಒಳಗೆ ಲೋಬಾನದ ಹೊಗೆ. ಅತ್ತೆಯ ಬೆನ್ನ ಹಿಂದೆ ಯಾವುದೋ ಮಗು ಕೆಮ್ಮಿತು. ಅತ್ತೆ ತಿರುಗಿಯೂ ನೋಡದೆ, "ಹೊಗೆ ಕಣೇ, ಈಚೆ ಬಂದು ಕೂತ್ಕೋ" ಅಂದಳು. ನನಗೆ ಹೇಳಿದ್ದಲ್ಲ ಅದು.

ಹೀಗೇ ಆರು ವರ್ಷ ಕಳೆಯಿತು. ಒಂದು ದಿನ ಅತ್ತೆಯ ಗಂಡ, ನಮ್ಮ ಮಾಮ, ಒಬ್ಬ ವಯಸ್ಸಾದ ಅಯ್ಯನವರನ್ನು ಊಟಕ್ಕೆ ಕರೆದಿದ್ದರು. ಅನ್ನ ಬಡಿಸುತ್ತಾ ಅತ್ತೆ ಅವರನ್ನೂ ಕೇಳಿದಳು, "ನನ್ನ ತಪ್ಪೇನು ಬುದ್ಧಿ?" ಅಯ್ಯನವರ ಕೈ ಎಲೆಯ ಮೇಲೇ ನಿಂತಿತು. ತುತ್ತು ಕೆಳಗಿಟ್ಟು ಹೇಳಿದರು. "ಗೊತ್ತಿಲ್ಲ ತಾಯಿ. ಇಷ್ಟು ವರ್ಷ ಪೂಜೆ ಮಾಡಿದೀನಿ, ಇದೊಂದು ನನಗೆ ತಿಳಿದಿಲ್ಲ. ಗೊತ್ತು ಅಂದೋರೂ ತಿಳಿದು ಹೇಳಿದ್ದಲ್ಲ."

"ಮತ್ತೆ ಆ ದಾರ?"

"ದಾರ ಸವೆದಿತ್ತು, ನೀನು ಹೊಸದು ಹಾಕ್ತಿದ್ದೆ. ಅಷ್ಟೇ ಕಣವ್ವ."

ಅತ್ತೆ ಅಲ್ಲೇ ಕುಸಿದು ಕೂತು ಅತ್ತಳು. ಆಮೇಲೆ ಎದ್ದು, ಅವರ ಊಟವಾದ ಮೇಲೆ ತಾನೂ ಬಡಿಸಿಕೊಂಡು, ಎರಡನೇ ಸಲ ಸಾರು ಹಾಕಿಕೊಂಡು ಉಂಡಳು. ನಿಮ್ಮ ಮನೆಗೂ ಕಾರಣ ಹೊತ್ತು ತರುವವರು ಬಂದಿರುತ್ತಾರೆ. ನನ್ನ ಯಜಮಾನರು ಹೋದಾಗ ನನ್ನಲ್ಲಿಗೂ ಬಂದರು. ಆಗ ನನ್ನನ್ನು ಕಾಪಾಡಿದ್ದು ಆ ಮುದುಕರ "ಗೊತ್ತಿಲ್ಲ" ಒಂದೇ.

ಮಾರನೆಯ ದಿನ ಅತ್ತೆಯೇ ಹೇಳಿದಳು, ಗಿರಿಜೆಯನ್ನು ಮಣ್ಣು ಮಾಡೋಣ ಅಂತ. ಇದ್ದದ್ದು ಲಿಂಗ ಒಂದೇ. ರುದ್ರಭೂಮಿಯಲ್ಲಿ ಆಳು ಒಂದು ಗೇಣು ಆಳದ ಗುಂಡಿ ತೋಡಿ ಹಾರೆ ಪಕ್ಕಕ್ಕಿಟ್ಟ. ಅತ್ತೆ ಬಗ್ಗಿ ನೋಡಿ, "ಇದು ಸಾಲಲ್ಲ, ಅವಳು ಕೂತ್ಕೋಬೇಕಲ್ಲ" ಅಂದಳು. ಅವನು ಏಳು ವರ್ಷದ ಮಗುವಿಗೆ ಸಾಕಾಗುವಷ್ಟು ಅಗೆದ. ಅತ್ತೆ ತಲೆಯಾಡಿಸಿದಳು. "ಈಗ ಬೆಳೆದಿರ್ತಾಳೆ." ನನ್ನನ್ನು ಕರೆದು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಿಸಿ, ಮಣ್ಣಿನಿಂದ ನನ್ನ ನೆತ್ತಿಯವರೆಗೆ ಗೇಣು ಹಾಕಿ ಅಳೆದಳು. ಅವಳ ಬೆರಳು ನನ್ನ ಬೆನ್ನ ಮೇಲೆ ಒಂದೊಂದೇ ಗೇಣು ಹತ್ತುತ್ತಾ ಹೋಯಿತು. ಮಾಮ ಮುಖ ತಿರುಗಿಸಿಕೊಂಡರು. ಅಯ್ಯನವರು, "ಅಗಿಯಪ್ಪ" ಅಂದರು. ಅವನು ಅಗೆದ. ನೀಲತ್ತೆ ತಾನೇ ಒಳಗಿಳಿದು, ವಿಭೂತಿ ಗಟ್ಟಿಗಳನ್ನು ಪೇರಿಸಿ, ನನ್ನ ಕಡೆ ಒಂದು ಸಲ ನೋಡಿ, ಕೂತ ಹುಡುಗಿಯ ಎಡಗೈ ಎಲ್ಲಿ ಬರುತ್ತದೋ ಅಲ್ಲಿಗೆ ಸರಿಯಾಗಿ ಲಿಂಗ ಇಟ್ಟಳು.

ವಾಪಸು ಬರುವಾಗ ನನ್ನ ಕೈ ಹಿಡಿದು, "ಹಸಿವಾಯ್ತೇನೇ?" ಅಂದಳು. ಆರು ವರ್ಷದಲ್ಲಿ ಅವಳು ನನ್ನನ್ನು ನನಗೋಸ್ಕರ ಮಾತಾಡಿಸಿದ್ದು ಅದೇ ಮೊದಲು. ಹೂಂ ಅಂದೆ.