ನಲವತ್ತೊಂದನೆಯ ಸಾಲು

ಮಗಳನ್ನು ಶಾಲೆಗೆ ಕಳಿಸುವುದಿಲ್ಲ, ಮನೆಯಲ್ಲೇ ಓದಿಸುತ್ತೇನೆ ಎಂದು ಬಟ್ಟೆ ಹೊಲಿಯುವ ಆ ಹೆಂಗಸು ಹಟ ಹಿಡಿದಾಗ ಗಂಡ ತಲೆ ಚಚ್ಚಿಕೊಂಡಿದ್ದ. ಅವಳು ಜಗ್ಗಲಿಲ್ಲ. ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ ಹಳೆಯ ಕಾವ್ಯ, ಮಧ್ಯಾಹ್ನ ಅದೇ ಮೇಜಿನ ಮೇಲೆ ಗಿರಾಕಿಗಳ ಬಟ್ಟೆ. ಒಂಬತ್ತು ವರ್ಷದ ಮಗಳು ಪದ ಬಿಡಿಸಿ ಓದಬೇಕು, ಅರ್ಥ ಹೇಳಬೇಕು, ಆಮೇಲೆ ಬಾಯಿಪಾಠ ಒಪ್ಪಿಸಬೇಕು. ತಾಯಿ ಕತ್ತರಿಯ ಹಿಡಿಯಿಂದ ಮೇಜು ಕುಟ್ಟುತ್ತ ಲಯ ಕೊಡುತ್ತಿದ್ದಳು. ಸುಳ್ಳು ಯಾಕೆ, ಪಾಠ ಚೆನ್ನಾಗಿಯೇ ಇತ್ತು. ಮಗಳು ಹಲ್ಲುಜ್ಜುವಾಗಲೂ ಪದ್ಯ ಗುನುಗುತ್ತಿದ್ದಳು.

ಮನೆಯಲ್ಲಿ ಓದುವ ಮಕ್ಕಳನ್ನು ವರ್ಷಕ್ಕೊಮ್ಮೆ ಪರೀಕ್ಷಕರು ಬಂದು ನೋಡುತ್ತಾರೆ. ಅವರು ಸಹಿ ಹಾಕದಿದ್ದರೆ ಮಗು ಶಾಲೆಗೆ ಹೋಗಲೇಬೇಕು. ಈ ವರ್ಷದ ಕಾಗದದಲ್ಲಿ ಪರೀಕ್ಷಕರ ಹೆಸರು ಓದಿದ್ದೇ ತಡ, ಅವಳ ಮೈಯೆಲ್ಲ ಉರಿದುಹೋಯಿತು. ಅದೇ ಮೇಷ್ಟ್ರು. ಮೂವತ್ತು ವರ್ಷದ ಹಿಂದೆ, ಪದ್ಯದ ಎಂಟನೆಯ ಸಾಲಿನಲ್ಲಿ ತಡವರಿಸಿದ್ದಕ್ಕೆ ಸಂಜೆಯ ಗಂಟೆ ಹೊಡೆಯುವವರೆಗೆ ಅವಳನ್ನು ನಿಲ್ಲಿಸಿ, ಮಂಕುದಿಣ್ಣೆ ಎಂದು ಹೆಸರಿಟ್ಟವರು. ಆ ಹಾಳು ಹೆಸರು ಅವಳ ಮದುವೆಮನೆಯವರೆಗೂ ಬೆನ್ನು ಹತ್ತಿ ಬಂದಿತ್ತು.

"ಬರಲಿ ಮಹಾನುಭಾವ," ಎಂದಳು.

"ಸಹಿ ಬೇಕಾಗಿರೋದು ನಮಗೆ ಕಣೇ. ಸುಮ್ನಿರು," ಎಂದ ಗಂಡ.

"ಮೂವತ್ತು ವರ್ಷ ಸುಮ್ನೇ ಇದ್ದೆನಲ್ಲ."

ಅದೇ ಪದ್ಯದ ಇನ್ನೂರು ಸಾಲನ್ನು ನಾಲ್ಕು ತಿಂಗಳು ಮಗಳಿಗೆ ಅರೆದು ಕುಡಿಸಿದಳು. ನಲವತ್ತು ಸಾಲು ಹೇಳಿ ನಿಲ್ಲಿಸಬೇಕು, ಮುಂದಿನದನ್ನು ಪರೀಕ್ಷಕರನ್ನೇ ಕೇಳಬೇಕು. ಇದೊಂದು ಆಟ ಎಂದು ಮಗಳನ್ನು ನಂಬಿಸಿದ್ದಳು.

ಬಂದವರು ಮುದುಕರಾಗಿದ್ದರು. ಅವರಿಗೆ ಅವಳ ಗುರುತೇ ಹತ್ತಲಿಲ್ಲ, ಅದು ಬೇರೆ ಉರಿ. ಮಗಳು ಎದುರು ಕೂತು ನಲವತ್ತು ಸಾಲನ್ನು ನೀರು ಕುಡಿದಷ್ಟು ಸಲೀಸಾಗಿ ಹೇಳಿ ನಿಲ್ಲಿಸಿದಳು.

"ಮುಂದಿನ ಸಾಲು ನೀವು ಹೇಳಿ ಸಾರ್."

ಮೇಷ್ಟ್ರು ಬಾಯಿ ತೆರೆದರು. ಸೂರು ನೋಡಿದರು, ಕನ್ನಡಕ ತೆಗೆದು ಒರೆಸಿದರು. ಸಾಲು ಬರಲಿಲ್ಲ. ತಾಯಿಯ ಹೊಟ್ಟೆ ತಣ್ಣಗಾಯಿತು.

"ಬರದೇ ಇದ್ರೆ ನಿಂತ್ಕೋಬೇಕು ಸಾರ್," ಎಂದಳು. "ನೀವೇ ಕಲಿಸಿದ್ದು. ಎಂಟನೇ ಸಾಲಿಗೆ ನನ್ನನ್ನ ಸಂಜೆವರೆಗೆ ನಿಲ್ಲಿಸಿದ್ರಿ. ಆ ಮಂಕುದಿಣ್ಣೆ ನಾನೇ."

ಅವರು ಅವಳ ಮುಖವನ್ನೇ ನೋಡಿದರು. ನೆನಪಾಯಿತೋ ಇಲ್ಲವೋ, ಮೇಜು ಹಿಡಿದುಕೊಂಡು ಎದ್ದು ನಿಂತರು. ಮೊಣಕಾಲು ಪೂರ್ತಿ ನೆಟ್ಟಗಾಗಲಿಲ್ಲ. ಕೂತ್ಕೊಳ್ಳಿ ಎನ್ನಲು ಅವಳಿಗೆ ಮನಸ್ಸು ಬರಲಿಲ್ಲ. ನಿಲ್ಲಲಿ, ಇನ್ನೂ ಸ್ವಲ್ಪ ನಿಲ್ಲಲಿ ಎಂದುಕೊಂಡಳು.

"ಪುಟ್ಟಿ, ಆ ಸಾಲು ನೀನೇ ಹೇಳಿಕೊಡು ಇವರಿಗೆ."

ಬೆಳಿಗ್ಗೆಯಷ್ಟೇ ಇನ್ನೂರು ಸಾಲನ್ನೂ ಎರಡು ಸಲ ತಪ್ಪಿಲ್ಲದೆ ಒಪ್ಪಿಸಿದ್ದ ಮಗಳು ತಾಯಿಯ ಮುಖ ನೋಡಿದಳು, ಮುದುಕರ ಕಾಲು ನೋಡಿದಳು. ಕುರ್ಚಿ ಹಿಂದೆ ಸರಿಸಿ ಎದ್ದು, ಅವರ ಪಕ್ಕಕ್ಕೆ ಹೋಗಿ ಕೈಕಟ್ಟಿ ನಿಂತಳು.

"ನಂಗೂ ಬರಲ್ಲ ಅಮ್ಮ," ಎಂದಳು.