ಗುವಾಹಟಿಗೆ ಮೂರು ಗಂಟೆ

ಪುಟ್ಟೀ, ಚಿನ್ನೂ, ಎದುರಿಗೆ ಕೂತು ಹೇಳಲು ನನಗೆ ಸಂಕೋಚ, ಅದಕ್ಕೇ ಬರೆಯುತ್ತಿದ್ದೇನೆ. ಪುಟ್ಟಿ ಹುಟ್ಟಿದಾಗ ಅಜ್ಜಿ ಯಾಕೆ ಬರಲಿಲ್ಲ ಎಂದು ಹೋದ ಸಲ ಕೇಳಿದಿರಿ. ವಿಮಾನದ ಟಿಕೆಟ್ ಸಿಗಲಿಲ್ಲ ಎಂದೆ. ಅದು ಸುಳ್ಳು.

ಆಗ ನಿಮ್ಮ ಅಪ್ಪನಿಗೆ ಗುವಾಹಟಿಯಲ್ಲಿ ಕೆಲಸ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕಿತ್ತು, ಆದರೆ ಡಾಕ್ಟರು ನಿಮ್ಮ ಅಮ್ಮನಿಗೆ ಪ್ರಯಾಣ ಬೇಡವೆಂದರು. ನಾನೇ ಹೋಗಬೇಕಾಯಿತು. ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಎಂದು ನಾನು ಹೆದರಿದರೆ ಅವಳು ಫೋನಿನಲ್ಲಿ ನಕ್ಕಳು. ವಿಮಾನದಲ್ಲಿ ಬರೀ ಮೂರು ಗಂಟೆಯಂತೆ. ಏರ್‌ಪೋರ್ಟ್ ಹತ್ತಿರದ ನಮ್ಮ ಈ ವಿಜಯಪುರದಿಂದ ಮೆಜೆಸ್ಟಿಕ್‌ಗೆ ಬಸ್ಸಿನಲ್ಲಿ ಹೋಗಿ ಬರುವಷ್ಟು ಹೊತ್ತು.

ಆ ಮೂರು ಗಂಟೆಯನ್ನು ನಂಬಿ ತಪ್ಪು ಮಾಡಿದೆ. ಹೆರಿಗೆಗೆ ಇನ್ನೂ ತಿಂಗಳಿಗಿಂತ ಹೆಚ್ಚಿತ್ತು, ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಹುಲುಸಾಗಿತ್ತು. ಅಷ್ಟರಲ್ಲಿ ಒಂದು ಬೆಳೆ ಆಗಿಹೋಗುತ್ತದೆ ಎಂದು ರೇಷ್ಮೆಹುಳುವಿನ ಮರಿ ತಂದು ತಟ್ಟೆಗೆ ಬಿಟ್ಟೆ. ಬೈಯುತ್ತಾಳೆಂದು ಅವಳಿಗೆ ಹೇಳಲಿಲ್ಲ. ಹುಳು ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಪೊರೆ ಬಿಟ್ಟು, ಬಕಬಕನೆ ತಿನ್ನತೊಡಗಿದ ದಿನವೇ ಫೋನ್ ಬಂತು. ನೋವು ಬೇಗ ಬಂದಿತ್ತು, ಆಸ್ಪತ್ರೆಗೆ ಸೇರಿಸಿದ್ದರು.

ಹುಳು ಹಣ್ಣಾಗಿ ಗೂಡು ಕಟ್ಟಲು ತಯಾರಾಗುವವರೆಗೆ ಇನ್ನು ಏಳು ದಿನ ಸೊಪ್ಪು ಹಾಕಲೇಬೇಕು. ಕೆಲಸ ಬಲ್ಲವರೆಲ್ಲರ ಮನೆಯಲ್ಲೂ ಹುಳುವಿತ್ತು. ಒಂದು ಹುಳುಮನೆಯವರು ಇನ್ನೊಂದರೊಳಗೆ ಕಾಲಿಡುವುದಿಲ್ಲ, ರೋಗ ದಾಟುತ್ತದೆ. ಪಕ್ಕದ ಮನೆಯಾಕೆ ಹೊಸ್ತಿಲಾಚೆ ನಿಂತೇ ಹೇಳಿದಳು.

“ತಿಪ್ಪೆಗೆ ಸುರಿದು ಹೋಗ್ಬಿಡಕ್ಕ. ಹುಳ ಇನ್ನೊಂದ್ಸಲ ತರಬೋದು. ಮಗಳ ಮೊದಲ್ನೇ ಬಾಣಂತನ ಇನ್ನೊಂದ್ಸಲ ಬತ್ತದಾ?”

ಒಂದು ತಟ್ಟೆ ಎತ್ತಿಕೊಂಡು ಬಾಗಿಲವರೆಗೂ ಬಂದೆ. ಹಸಿದ ಹುಳುವನ್ನು ಬಿಟ್ಟು ಬಾಣಂತಿಯ ಬಳಿ ಹೋದರೆ ಕೂಸಿಗೆ ಹಾಲು ಹತ್ತುವುದಿಲ್ಲ ಎಂದು ನಮ್ಮ ಅತ್ತೆ ಹೇಳುತ್ತಿದ್ದರು. ನಿಜವಿರಲಾರದು ಅನ್ನಿಸಿತು. ಆದರೂ ತಟ್ಟೆಯನ್ನು ವಾಪಸ್ ಇಟ್ಟೆ. ಟಿಕೆಟ್ ಸಿಗುತ್ತಿಲ್ಲ ಎಂದು ಫೋನ್ ಮಾಡಿದೆ.

ಮಾರನೆಯ ದಿನ ಪುಟ್ಟಿ ಹುಟ್ಟಿದಳು. ನಾನು ಸೊಪ್ಪು ಕೊಯ್ಯುವಾಗ ತಲೆಯ ಮೇಲೆ ವಿಮಾನಗಳು ಏರುತ್ತಿದ್ದವು. ಇದರಲ್ಲಿ ಕೂತಿದ್ದರೆ ಮಧ್ಯಾಹ್ನದ ಸೊಪ್ಪು ಹಾಕುವ ಹೊತ್ತಿಗೆ ಅಲ್ಲಿರುತ್ತಿದ್ದೆ ಎಂದುಕೊಳ್ಳುತ್ತಿದ್ದೆ. ಮನೆಗೆ ಬೀಗ ಇರಲಿಲ್ಲ, ನನ್ನನ್ನು ಹಿಡಿದವರೂ ಯಾರೂ ಇರಲಿಲ್ಲ. ಆದರೂ ತಟ್ಟೆಯಿಂದ ತಟ್ಟೆಗೆ ಸುತ್ತುತ್ತಲೇ ಇದ್ದೆ. ಐದನೆಯ ದಿನ ನಿಮ್ಮ ಅಮ್ಮನೇ ಫೋನ್ ಮಾಡಿದಳು. ದನಿ ಏರಿಸಲಿಲ್ಲ.

“ಏರ್‌ಪೋರ್ಟ್ ನಮ್ಮನೆ ಹತ್ರಾನೇ ಅಂತಿದ್ಯಲ್ಲಮ್ಮ. ಯಾರ್ಗೆ ಹತ್ರ ಅದು?”

ಫೋನಿಟ್ಟು ಮತ್ತೆ ತಟ್ಟೆಗಳ ಬಳಿ ಹೋದೆ.

ಹುಳು ಹಣ್ಣಾಗಿ ಗೂಡು ಕಟ್ಟಲು ಬಿಟ್ಟ ಮರುದಿನ ಹೊರಟೆ. ನಿಜಕ್ಕೂ ಮೂರೇ ಗಂಟೆ. ಯಾರೋ ಗೊತ್ತಿಲ್ಲದ ಹೆಂಗಸು ನನ್ನ ಮಗಳಿಗೆ ನೀರು ಹಾಕುತ್ತಿದ್ದಳು. ಆಮೇಲೆ ಪುಟ್ಟಿ ಅಮ್ಮನ ಎದೆಗೆ ಕಚ್ಚಿಕೊಂಡು ಚೆನ್ನಾಗಿ ಹಾಲು ಕುಡಿದಳು. ನೋಡಿ ಸಮಾಧಾನವಾಯಿತು, ತಲೆ ಎತ್ತಲಾಗಲಿಲ್ಲ.

ಹುಳುವಿನ ವಿಷಯ ನಿಮ್ಮ ಅಮ್ಮನಿಗೆ ಇನ್ನೂ ಹೇಳಿಲ್ಲ. ಇವತ್ತಿಗೂ ಆ ಮಾತು ಬಂದರೆ ನಾನು ಎದ್ದು ಅಡಿಗೆಮನೆಗೆ ಹೋಗುತ್ತೇನೆ. ಈ ಹಾಳೆಗಳನ್ನು ಪುಟ್ಟಿ ಹುಟ್ಟಿದಾಗಿನ ಆಸ್ಪತ್ರೆ ಚೀಟಿಯ ಜೊತೆ ಮಡಿಸಿಡಿ, ಕಳೆಯಬೇಡಿ. ಏರ್‌ಪೋರ್ಟ್ ಯಾರಿಗೆ ಹತ್ತಿರ ಎಂದು ನಿಮ್ಮ ಅಮ್ಮ ಎಂದಾದರೂ ಮತ್ತೆ ಕೇಳಿದರೆ ಅವಳ ಕೈಗೆ ಕೊಡಿ.